ತಬಿಯತ್ ಬರಾಬರ್ ನೈ

ಲಂಡನ್‌ನಲ್ಲಿರುವ ಮಗಳು ಕಳೆದ ಚಳಿಗಾಲದಲ್ಲಿ ಫೋನ್ ಮಾಡಿ, "ಮಮ್ಮಿ, ನಿಮ್ಮ ಇಂಗ್ಲಿಷ್ ನನಗೆ ಪೇಚಾಟ ತಂದಿತು" ಎಂದಳು. ಮೊಮ್ಮಗನಿಗೆ ನೆಗಡಿ, ತಲೆನೋವು. "ರಾತ್ರಿ ಸಿಕ್ ಆಗಿದ್ದ" ಎಂದು ಇವಳು ಶಾಲೆಗೆ ಇಂಗ್ಲಿಷಿನಲ್ಲಿ ತಿಳಿಸಿದ್ದಾಳೆ. ಹಾಗಾದರೆ 48 ಗಂಟೆ ಶಾಲೆಗೆ ಕಳುಹಿಸಬೇಡಿ ಎಂಬ ಉತ್ತರ ಬಂದಿದೆ. ಅಲ್ಲಿ ಹಾಗೆ ಹೇಳಿದರೆ ವಾಂತಿ ಮಾಡಿಕೊಂಡ ಎಂದರ್ಥ. ವಾಂತಿ ನಿಂತು ಎರಡು ದಿನ ಕಳೆಯುವವರೆಗೆ ಮಕ್ಕಳು ಮನೆಯಲ್ಲೇ ಇರಬೇಕೆಂಬುದು ಅಲ್ಲಿನ ಆರೋಗ್ಯ ಇಲಾಖೆಯ ಸಲಹೆ. 'ಇಲ್' ಎಂದಿದ್ದರೆ ಈ ರಗಳೆಯೇ ಇರುತ್ತಿರಲಿಲ್ಲ.

ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಾಗ 'ಸಿಕ್' ಮತ್ತು 'ಇಲ್' ಎರಡೂ ಒಂದೇ ಎಂದು ಹೇಳಿಕೊಟ್ಟವಳು ನಾನೇ. ಅಮೆರಿಕದವರ ಮಟ್ಟಿಗೆ ಅದು ಹೆಚ್ಚುಕಡಿಮೆ ಸರಿ. 'ಸಿಕ್' ಇಂಗ್ಲಿಷಿನ ಹಳೆಯ ಮನೆಮಾತು. 'ಇಲ್' ಸ್ಕ್ಯಾಂಡಿನೇವಿಯಾದಿಂದ ವಲಸೆ ಬಂದದ್ದು, ಮೂಲದಲ್ಲಿ 'ಕೆಟ್ಟದ್ದು' ಎಂದಷ್ಟೇ ಅರ್ಥ. ತಮಾಷೆಯೆಂದರೆ, ರಜೆಗೆ ಬ್ರಿಟಿಷರೂ 'ಸಿಕ್ ಲೀವ್' ಎಂದೇ ಅನ್ನುತ್ತಾರೆ!

ನಗುತ್ತಾ ಫೋನ್ ಇಟ್ಟೆ. ಆಮೇಲೆ ನನ್ನ ತಾಯಿಯ ನೆನಪಾಯಿತು.

ನಾವು ಕನ್ನಡದಲ್ಲಿ 'ಹುಷಾರಿಲ್ಲ' ಎನ್ನುತ್ತೇವೆ. ಪಾರ್ಸಿಯಿಂದ ಬಂದ ಈ 'ಹುಷಾರು' ಮೂಲತಃ ಎಚ್ಚರ, ಪ್ರಜ್ಞೆ ಇರುವವನಿಗೆ ಹೇಳುವ ಮಾತು. ಜ್ವರ, ಹೊಟ್ಟೆನೋವು, ಬೇಸರ ಎಲ್ಲವೂ ಅದರೊಳಗೇ. ಮನೆಯಲ್ಲಿ ದಖನಿ ಆಡುವ ತಾಯಿಯದು ಒಂದೇ ಮಾತು: "ತಬಿಯತ್ ಬರಾಬರ್ ನೈ." 2003ರ ರಮಝಾನ್‌ನಲ್ಲಿ ಸಹರಿಯ ಹೊತ್ತಿಗೆ ಅದನ್ನೇ ಹೇಳಿದರು. ಪಿತ್ತವಿರಬೇಕೆಂದು ಶುಂಠಿ ಕಷಾಯ ಕೊಟ್ಟೆವು. ರೋಗಿಗಳು ಉಪವಾಸವನ್ನು ಮುಂದೆ ಪೂರೈಸಬಹುದೆಂದು ಕುರ್‌ಆನ್ ಹೇಳಿದೆಯಲ್ಲಾ ಎಂದರೂ ಬಿಡಲಿಲ್ಲ. ತಾನು ರೋಗಿ ಎಂದು ಅವರು ಒಪ್ಪಿದರೆ ತಾನೇ!

ಮಧ್ಯಾಹ್ನ ಡಾಕ್ಟರ್ ಒಂದೊಂದಾಗಿ ಕೇಳಿದರು. ವಾಂತಿ ಆಯಿತೇ, ಬರುವ ಹಾಗಷ್ಟೇ ಆಗುತ್ತಿದೆಯೇ? ಎದೆ ಬಿಗಿಯುತ್ತದೆಯೇ? ನೋವಿಲ್ಲ, ಓಕರಿಕೆ ಮತ್ತು ಸುಸ್ತು, ಅದೂ ನಿನ್ನೆ ಸಂಜೆಯಿಂದ ಎಂದು ತಾಯಿ ಆಗ ಬಾಯಿಬಿಟ್ಟರು. ಇಸಿಜಿ ತೆಗೆದರೆ ಹೃದಯಾಘಾತ. ಹೆಂಗಸರಲ್ಲಿ ಅದು ಎಷ್ಟೋ ಸಲ ಎದೆನೋವಿಗಿಂತ ಹೆಚ್ಚಾಗಿ ಓಕರಿಕೆ, ಸುಸ್ತು, ಏದುಸಿರಾಗಿ ಕಾಣಿಸಿಕೊಳ್ಳುತ್ತದಂತೆ.

ಅಲ್ಲಾಹನ ಕೃಪೆಯಿಂದ ತಾಯಿ ಉಳಿದರು. ಆಸ್ಪತ್ರೆಯ ಮಂಚದ ಮೇಲೆ "ಹಿಂದಿನ ಸಂಜೆಯೇ ಯಾಕೆ ಹೇಳಲಿಲ್ಲ?" ಎಂದು ಕೇಳಿದ್ದಕ್ಕೆ, "ಹೇಳಿದೆನಲ್ಲಾ, ತಬಿಯತ್ ಬರಾಬರ್ ನೈ ಅಂತ. ನೀವ್ಯಾರೂ ಏನಾಗ್ತಿದೆ ಅಂತ ಕೇಳಲಿಲ್ಲ" ಎಂದರು.