ನಂಬಿದವರಿಗೆ ರಕ್ಷಣೆ, ಸರಿ, ನಮ್ಮಜ್ಜಿಗೆ?

ಯೇಸುವನ್ನು ನಂಬಿದವರಿಗೆ ರಕ್ಷಣೆ ಎಂಬ ಮಾತನ್ನು ಗೋಡೆ ಬರಹದಲ್ಲೋ ಕರಪತ್ರದಲ್ಲೋ ನೀವೂ ಓದಿರುತ್ತೀರಿ. ಓದಿದ ಕೂಡಲೇ ಒಂದು ಪ್ರಶ್ನೆ ಏಳುತ್ತದೆ: ನಂಬದವರ ಗತಿ ಏನು?

ನನಗೆ ಈ ಪ್ರಶ್ನೆ ತಟ್ಟಿದ್ದು ಅಜ್ಜಿ ತೀರಿಕೊಂಡ ವರ್ಷ. ಹಾಸ್ಟೆಲ್‌ನಲ್ಲಿ ನನ್ನ ಕೋಣೆಯಲ್ಲೇ ಇದ್ದ ಕ್ರೈಸ್ತ ಗೆಳೆಯನನ್ನು ಕೇಳಿದೆ: "ನಮ್ಮಜ್ಜಿ ಬೈಬಲ್ ಕಂಡವಳಲ್ಲ. ಬಾಗಿಲಿಗೆ ಬಂದವರನ್ನು ಹಸಿದು ಕಳಿಸಿದವಳೂ ಅಲ್ಲ. ನಿಮ್ಮ ಲೆಕ್ಕದಲ್ಲಿ ಅವಳು ಎಲ್ಲಿಗೆ ಹೋದಳೋ?"

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮವರೇ ಎಷ್ಟೋ ಶತಮಾನದಿಂದ ಇದಕ್ಕೆ ಜಗಳ ಆಡ್ತಿದಾರೆ ಮಾರಾಯ" ಅಂದ. ಅವತ್ತಿನಿಂದ ನಾನೂ ಓದತೊಡಗಿದೆ.

ಮೊದಲು ಪೌಲನ ತರ್ಕ ನೋಡಿ. ಕ್ರೈಸ್ತ ಧರ್ಮದ ಆರಂಭದ ದಿನಗಳಲ್ಲಿ ಊರೂರು ಸುತ್ತಿ ಬೋಧಿಸಿದವನು ಆತ. ಮನುಷ್ಯ ಎಷ್ಟೇ ಪುಣ್ಯ ಮಾಡಿದರೂ ಪಾಪದ ಸಾಲ ತೀರುವುದಿಲ್ಲ, ಅದನ್ನು ದೇವರೇ ಕೃಪೆಯಿಂದ ತೀರಿಸಬೇಕು ಎನ್ನುತ್ತಾನೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇದು ಸಾಲ ಮನ್ನಾ. ಅರ್ಜಿ ಹಾಕುವವರು ನಾವೇ. ಆದರೆ ಅರ್ಜಿಯಿಂದ ಸಾಲ ತೀರುವುದಿಲ್ಲ, ತೀರಿಸುವವರು ಬೇರೆ. ನಂಬಿಕೆ ಎಂದರೆ ಆ ಅರ್ಜಿ.

ಅದೇ ಬೈಬಲ್‌ನಲ್ಲಿ ಯಾಕೋಬನ ಪತ್ರವೂ ಇದೆ. ಕೆಲಸದಲ್ಲಿ ಕಾಣದ ನಂಬಿಕೆ ಸತ್ತ ನಂಬಿಕೆ ಎಂಬುದು ಅವನ ವಾದ. ದೇವರಿದ್ದಾನೆ ಅಂತ ದೆವ್ವಗಳಿಗೂ ಗೊತ್ತು, ಅದರಿಂದ ಏನು ಬಂತು ಎಂದು ಕೇಳುತ್ತಾನೆ. ಸೋಜಿಗವೆಂದರೆ ಇಬ್ಬರೂ ಕೊಡುವ ಉದಾಹರಣೆ ಒಬ್ಬನೇ, ಅಬ್ರಹಾಮ.

ಕನ್ನಡದ "ನಂಬು" ಎಂಬ ಪದ ಇಲ್ಲಿ ನನಗೆ ಸಹಾಯಕ್ಕೆ ಬಂತು. "ನಾಳೆ ಮಳೆ ಬರುತ್ತೆ ಅಂತ ನಂಬಿದ್ದೇನೆ" ಎಂಬುದು ಬರೀ ಅಭಿಪ್ರಾಯ. "ಅಣ್ಣನನ್ನು ನಂಬಿ ಹೊಲ ಬಿಟ್ಟು ಬಂದೆ" ಎಂಬುದು ಬದುಕನ್ನೇ ಇನ್ನೊಬ್ಬರ ಕೈಗೆ ಒಪ್ಪಿಸುವ ಮಾತು. ಪೌಲ ಹೇಳಿದ್ದು ಎರಡನೆಯದು, ಯಾಕೋಬ ಬೈದದ್ದು ಮೊದಲನೆಯದನ್ನು.

ಈ ಎಳೆ ಹಿಡಿದೇ ಯುರೋಪು ಒಡೆಯಿತು. 1517ರಲ್ಲಿ ಜರ್ಮನಿಯ ಮಾರ್ಟಿನ್ ಲೂಥರ್ ಪಾಪಕ್ಷಮೆಯ ಪತ್ರಗಳ ಮಾರಾಟದ ವಿರುದ್ಧ ದನಿ ಎತ್ತಿದ. 1522ರ ತನ್ನ ಜರ್ಮನ್ ಅನುವಾದದಲ್ಲಿ ಪೌಲನ ಮಾತಿಗೆ "ಮಾತ್ರ" ಎಂಬ ಪದ ಸೇರಿಸಿದ: ನಂಬಿಕೆಯಿಂದ ಮಾತ್ರ. ಕೃಪೆ ಮೊದಲು ಬರುತ್ತದೆ ನಿಜ, ಆದರೆ ಮನುಷ್ಯನೂ ಅದಕ್ಕೆ ಕೈಜೋಡಿಸಬೇಕು ಎಂದು ಕ್ಯಾಥೋಲಿಕರು 1547ರಲ್ಲಿ ಟ್ರೆಂಟ್ ಸಭೆಯಲ್ಲಿ ಉತ್ತರಿಸಿದರು. ರಕ್ಷಣೆ ಕೃಪೆಯಿಂದ, ಒಳ್ಳೆಯ ಕೆಲಸ ಅದರ ಫಲ ಎಂದು ಲೂಥರನ್ನರೂ ಕ್ಯಾಥೋಲಿಕರೂ ಒಟ್ಟಿಗೆ ಸಹಿ ಹಾಕಿದ್ದು 1999ರಲ್ಲಿ!

ಈಗ ನಮ್ಮಜ್ಜಿಯ ವಿಷಯಕ್ಕೆ ಬರೋಣ. ಮನ್ನಾ ಯೋಜನೆಯ ಸುದ್ದಿಯೇ ತಲುಪದ ರೈತನ ಕಥೆ ಏನು?

ಚರ್ಚಿನ ಹೊರಗಿದ್ದು ಸತ್ತವರಿಗೆ ರಕ್ಷಣೆ ಇಲ್ಲ ಎಂದು 1442ರಲ್ಲಿ ಫ್ಲಾರೆನ್ಸ್ ಸಭೆ ಖಡಾಖಂಡಿತವಾಗಿ ಹೇಳಿತ್ತು. 1964ರಲ್ಲಿ ಎರಡನೇ ವ್ಯಾಟಿಕನ್ ಸಭೆಯ ಮಾತಿನ ಧಾಟಿ ಬೇರೆ: ತಮ್ಮದಲ್ಲದ ಕಾರಣಕ್ಕೆ ಯೇಸುವನ್ನು ಅರಿಯದೆ, ಪ್ರಾಮಾಣಿಕವಾಗಿ ದೇವರನ್ನು ಹುಡುಕುತ್ತಾ ಮನಸ್ಸಾಕ್ಷಿಯಂತೆ ಬಾಳಿದವರಿಗೂ ರಕ್ಷಣೆ ಸಾಧ್ಯ. ಇದನ್ನು ಒಪ್ಪದ ಕ್ರೈಸ್ತರು ಇವತ್ತೂ ಇದ್ದಾರೆ. ಹಾಗಿದ್ದರೆ ಸುವಾರ್ತೆ ಸಾರುವುದು ಯಾಕೆ ಎಂಬ ಅವರ ಪ್ರಶ್ನೆಯನ್ನೂ ತಳ್ಳಿಹಾಕುವಂತಿಲ್ಲ.

ಗೆಳೆಯ ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯ ತೋರಿಸಿದ. ಅಲ್ಲಿ ಕೊನೆಯ ತೀರ್ಪಿನ ದಿನ, ಹಸಿದವರಿಗೆ ಅನ್ನ ಕೊಟ್ಟವರಿಗೆ ಆಶ್ಚರ್ಯ ಕಾದಿರುತ್ತದೆ. ತಾವು ಉಣಿಸಿದ್ದು ದೇವರಿಗೇ ಎಂಬುದು ಅವರಿಗೆ ಗೊತ್ತೇ ಇರುವುದಿಲ್ಲ.

ನಾನು ಕ್ರೈಸ್ತನಾಗಿಲ್ಲ, ಅವನು ಆಗು ಅಂತ ಹೇಳಲೂ ಇಲ್ಲ. ಆದರೆ ಒಂದು ಮಾತು ನನಗೆ ಖಚಿತವಾಯಿತು. ರಕ್ಷಣೆ ಗಳಿಕೆಯಲ್ಲ, ಕೊಡುಗೆ ಎಂದ ಮೇಲೆ ಅದು ಯಾರಿಗೆ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಎಂಬ ಪಟ್ಟಿ ಕೊಡುವವನ ಕೈಯಲ್ಲೇ ಇರುತ್ತದೆ. ಆ ಪಟ್ಟಿ ನನ್ನ ಹತ್ತಿರ ಇದೆ ಅಂತ ಯಾರಾದರೂ ಹೇಳಿದರೆ, ಅವರು ಪೌಲನನ್ನು ಇನ್ನೊಮ್ಮೆ ಓದಬೇಕು.