ಆಲನ್‌ಹೆಡ್ಸಿನ ನೀಲಿ ಗೆರೆ

ಇಂಗ್ಲೆಂಡಿನ ಉತ್ತರದಲ್ಲಿ, ನ್ಯೂಕಾಸಲ್ ಪಟ್ಟಣದಿಂದ ಪಶ್ಚಿಮಾಭಿಮುಖವಾಗಿ ಟೈನ್ ನದಿಯ ದಡವನ್ನು ಅನುಸರಿಸಿ ಹೋಗುವ ರೈಲು ಹೆಕ್ಸಮ್ ಎಂಬ ಪುರಾತನವಾದ ಪೇಟೆಯನ್ನು ಮುಟ್ಟುತ್ತದೆ. ಅಲ್ಲಿ ಇಳಿದು ದಕ್ಷಿಣಕ್ಕೆ ತಿರುಗಿ ಆಲನ್ ನದಿಯ ಕಣಿವೆಯನ್ನು ಏರತೊಡಗಿದರೆ, ಮರಗಳು ಕ್ರಮೇಣ ವಿರಳವಾಗುತ್ತವೆ. ಕಲ್ಲುಗೋಡೆಗಳ ನಡುವಣ ಹುಲ್ಲುಗಾವಲು, ಮೇಯುತ್ತಿರುವ ಕುರಿಗಳು, ಅದರಾಚೆಗೆ ಕುರುಚಲು ಪೊದೆಗಳಿಂದ ಮುಚ್ಚಿದ ಬೋಳು ಬೆಟ್ಟಗಳು, ಇವಿಷ್ಟೇ ಕಣ್ಣಿಗೆ ಬೀಳುವುವು. ಕಣಿವೆಯ ತುದಿಯಲ್ಲಿ, ಸಮುದ್ರಮಟ್ಟಕ್ಕಿಂತ 1,300 ಅಡಿಗೂ ಎತ್ತರದಲ್ಲಿ, ಆಲನ್‌ಹೆಡ್ಸ್ ಎಂಬ ಪುಟ್ಟ ಗ್ರಾಮವಿದೆ. ಪೂರ್ವ ಆಲನ್ ನದಿಯು ಹುಟ್ಟುವುದು ಈ ಪ್ರದೇಶದಲ್ಲಿಯೇ. ಊರಿನ ಹೆಸರಿನ ಅರ್ಥವೂ ಅದೇ.

ಹಿಂದೆ ಈ ಗ್ರಾಮವು ಸೀಸದ ಗಣಿಯಿಂದ ಬದುಕಿತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಗಣಿಯ ಕೆಲಸವು ಮುಗಿದು ಅನೇಕ ಕುಟುಂಬಗಳು ಊರು ಬಿಟ್ಟವು. ಗಣಿಗಾಗಿ ತಯಾರಾಗಿದ್ದ, ನೀರಿನ ಒತ್ತಡದಿಂದ ನಡೆಯುವ ಆರ್ಮ್‌ಸ್ಟ್ರಾಂಗನ ಯಂತ್ರವೊಂದನ್ನು ಪ್ರವಾಸಿಗಳು ಅಲ್ಲಿ ನೋಡಬಹುದು. ಆದರೆ ಸೂಜಿ ದಾರಗಳ ಕೆಲಸವನ್ನು ಬಲ್ಲ ಹೆಂಗಸರಿಗೆ ಈ ಊರು ಪರಿಚಿತವಾಗಿರುವುದು ಸೀಸದಿಂದಲ್ಲ, ಒಂದು ನೀಲಿ ಪೆನ್ಸಿಲಿನಿಂದ.

ಈ ಸೀಮೆಯಲ್ಲಿಯೂ, ನೆರೆಯ ಡರ್ಹಮ್ ಪ್ರಾಂತದಲ್ಲಿಯೂ, ಚಳಿಗಾಲದ ಹೊದಿಕೆಗಳನ್ನು ಮನೆಯಲ್ಲಿಯೇ ಹೊಲಿಯುವ ಪದ್ಧತಿಯು ಬಹುಕಾಲ ನಡೆದು ಬಂದಿತು. ಎರಡು ಬಟ್ಟೆಗಳ ನಡುವೆ ಹತ್ತಿಯನ್ನು ಹರಡಿ, ಮರದ ಚೌಕಟ್ಟಿಗೆ ಬಿಗಿದು, ಮೂರು ಪದರಗಳೂ ಒಂದಾಗುವಂತೆ ಸಣ್ಣ ಸಣ್ಣ ಹೊಲಿಗೆ ಹಾಕುವರು. ನಮ್ಮ ಕೌದಿಗೂ ಇದಕ್ಕೂ ಹತ್ತಿರದ ನಂಟಿದೆಯೆನ್ನಬಹುದು. ಭೇದವೇನೆಂದರೆ, ಅಲ್ಲಿಯ ಹೊದಿಕೆಗಳಲ್ಲಿ ಹಲವು ಒಂದೇ ಬಣ್ಣದ ನುಣುಪಾದ ಬಟ್ಟೆಯವು. ಗರಿ, ಗುಲಾಬಿ, ಬೀಸಣಿಗೆ, ಹೆಣೆದ ಹಗ್ಗ ಮೊದಲಾದ ಆಕೃತಿಗಳೆಲ್ಲವೂ ಹೊಲಿಗೆಯಿಂದಲೇ ಮೂಡಬೇಕು. ಹೀಗಿರಲು ಹೊಲಿಯುವುದಕ್ಕೆ ಮುಂಚೆ ಬಟ್ಟೆಯ ಮೇಲೆ ಚಿತ್ರವನ್ನು ಗುರುತಿಸಿಕೊಳ್ಳುವುದು ಅನಿವಾರ್ಯ. ಹೊಲಿಗೆ ಮುಗಿದ ಬಳಿಕ ಆ ಗುರುತು ಇಲ್ಲದಂತಾಗುವುದೂ ಅಷ್ಟೇ ಅನಿವಾರ್ಯ.

ಮನೆಯಲ್ಲಿ ಕುಳಿತು ಹೊಲಿಯುವವಳಿಗೆ ಇದು ಕಷ್ಟವಾಗಿರಲಿಲ್ಲ. ರಟ್ಟಿನ ಅಚ್ಚನ್ನು ಬಿಗಿದ ಬಟ್ಟೆಯ ಮೇಲಿಟ್ಟು, ಮೊಂಡಾದ ದಪ್ಪ ಸೂಜಿಯಿಂದ ಅದರ ಸುತ್ತಲೂ ಒತ್ತಿ ಎಳೆದರೆ ಬಟ್ಟೆಯಲ್ಲಿ ಒಂದು ಗೀರು ಬೀಳುವುದು. ಹೊಲಿಗೆ ಮುಗಿಯುವವರೆಗೆ ಅದು ಕಾಣುತ್ತಿದ್ದು ಆಮೇಲೆ ತಾನಾಗಿಯೇ ಮರೆಯಾಗುವುದು. ಬಣ್ಣವಿಲ್ಲ, ಪುಡಿಯಿಲ್ಲ, ಕಲೆಯ ಭಯವೂ ಇಲ್ಲ. ಆದರೆ ಚೌಕಟ್ಟಿನಲ್ಲಿ ಕಣ್ಣೆದುರಿಗಿರುವಷ್ಟು ಭಾಗವನ್ನು ಮಾತ್ರ ಹೀಗೆ ಗುರುತಿಸಬಹುದು. ಗೀರು ಬಿದ್ದ ಬಟ್ಟೆಯನ್ನು ಮಡಚಿ ಬೇರೊಂದು ಊರಿಗೆ ಕಳುಹಿಸಿದರೆ ಅಲ್ಲಿ ಏನೂ ಉಳಿದಿರದು.

ಆಲನ್‌ಹೆಡ್ಸಿನ ಬಳಿ ಅಂಗಡಿಯಿಟ್ಟುಕೊಂಡಿದ್ದ ಜಾರ್ಜ್ ಗಾರ್ಡಿನರ್ ಎಂಬಾತನಿಗೆ ಬೇಕಾಗಿದ್ದುದು ಇದಕ್ಕಿಂತ ಬೇರೆಯಾದುದು. ಚಿತ್ರ ಬರೆಯುವುದರಲ್ಲಿ ಕುಶಲನಾದ ಈತನು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಇತರರ ಹೊದಿಕೆಗಳಿಗೆ ನಮೂನೆ ಬರೆದುಕೊಡುವುದನ್ನು ಒಂದು ಕಸುಬನ್ನಾಗಿಯೇ ಮಾಡಿದನು. 1861ರಲ್ಲಿ ಹುಟ್ಟಿದ ಎಲಿಜಬೆತ್ ಸ್ಯಾಂಡರ್ಸನ್ ಎಂಬಾಕೆ ಆತನಲ್ಲಿ ಕಲಿತು, ಗುರುವನ್ನೂ ಮೀರಿದ ಹೆಸರು ಗಳಿಸಿ, ತಾನೂ ಹಲವು ಹುಡುಗಿಯರಿಗೆ ಈ ವಿದ್ಯೆಯನ್ನು ಕಲಿಸಿದಳು. ಒಂದರ ಸುತ್ತ ಒಂದಾಗಿ ಅಂಚುಗಳಿರುವ ನಕ್ಷತ್ರದ ಹೊದಿಕೆಯೊಂದು ಇಂದಿಗೂ ಆಕೆಯ ಹೆಸರಿನಿಂದಲೇ ಕರೆಯಲ್ಪಡುತ್ತದೆ. ಈ ಕಸುಬಿನವರಿಗೆ ಅಚ್ಚೊತ್ತುವವರೆಂಬ ಹೆಸರಿದ್ದರೂ ಅವರು ಯಾವ ಅಚ್ಚನ್ನೂ ಒತ್ತುತ್ತಿರಲಿಲ್ಲ. ನೀಲಿ ಪೆನ್ಸಿಲನ್ನು ಹಿಡಿದು ಬಟ್ಟೆಯ ಮೇಲೆ ಕೈಯಿಂದಲೇ ಬರೆಯುತ್ತಿದ್ದರು. ಹೀಗೆ ಬರೆದ ಬಟ್ಟೆಗಳು ದೂರದ ಮನೆಗಳಿಗೆ ಹೋಗಿ, ತಿಂಗಳುಗಟ್ಟಲೆ ಕೈಯಿಂದ ಕೈಗೆ ತಿರುಗಿ, ಹೊಲಿಯಲ್ಪಟ್ಟು, ಕೊನೆಗೆ ಒಗೆತದ ನೀರಿಗೆ ಬೀಳಬೇಕಾಗಿತ್ತು. ಪ್ರಯಾಣದಲ್ಲಿ ಅಳಿಯಬಾರದು, ನೀರಿನಲ್ಲಿ ಉಳಿಯಬಾರದು: ಎರಡೂ ಗುಣಗಳು ಒಂದೇ ಗೆರೆಯಲ್ಲಿ ಇರಬೇಕಾಗಿದ್ದುದರಿಂದಲೇ ನೀಲಿ ಪೆನ್ಸಿಲು ಅವರಿಗೆ ಒಪ್ಪಿಗೆಯಾಯಿತು.

ಇದು ಕೇವಲ ಅಂದಚಂದದ ಮಾತಾಗಿರಲಿಲ್ಲ. ಡರ್ಹಮ್ ಪ್ರಾಂತದ ಕಲ್ಲಿದ್ದಲ ಗಣಿಗಳಲ್ಲಿ ಗಂಡನನ್ನು ಕಳೆದುಕೊಂಡ ಹೆಂಗಸರು ಹೊದಿಕೆಯ ಚೀಟಿ ನಡೆಸಿ ಸಂಸಾರವನ್ನು ಸಾಗಿಸುತ್ತಿದ್ದರು. ನೆರೆಯವರು ವಾರವಾರವೂ ಸ್ವಲ್ಪ ಹಣವನ್ನು ಕಟ್ಟುವರು. ಸರದಿ ಬಂದಾಗ ಹೊದಿಕೆಯನ್ನು ಪಡೆಯುವರು. ಅಂಥವಳ ಕೈಯಲ್ಲಿ ವಾರಗಳ ಕಾಲ ಹೊಲಿದ ತಿಳಿಬಣ್ಣದ ಹೊದಿಕೆಯ ಮೇಲೆ ಗೆರೆಯೊಂದು ಅಳಿಯದೆ ನಿಂತಿತೆಂದರೆ ಮಕ್ಕಳ ಊಟಕ್ಕೇ ಸಂಚಕಾರ ಬಂದಂತೆ.

ಬಾರ್ನಾರ್ಡ್ ಕಾಸಲಿನ ಬೋಜ಼್ ವಸ್ತುಸಂಗ್ರಹಾಲಯದಲ್ಲಿಯೂ, ಡರ್ಹಮ್ ಪ್ರಾಂತದ ಬೀಮಿಷ್ ವಸ್ತುಸಂಗ್ರಹಾಲಯದಲ್ಲಿಯೂ ಈ ಸೀಮೆಯ ಹೊದಿಕೆಗಳನ್ನು ಕಾಪಾಡಿಟ್ಟಿದ್ದಾರೆ. ಉಪಯೋಗಿಸದೆ, ಒಗೆಯದೆ ಪೆಟ್ಟಿಗೆಯಲ್ಲಿ ಉಳಿದುಬಂದ ಹಳೆಯ ಹೊದಿಕೆಗಳಲ್ಲಿ ನೀಲಿ ಗೆರೆಯು ಇನ್ನೂ ಕಾಣುವುದುಂಟು. ಇದು ಅಚ್ಚೊತ್ತುವವರ ಕೈಕೆಲಸವೆಂದು ತಿಳಿದವರು ಅದರಿಂದಲೇ ಹೇಳಬಲ್ಲರು. ಒಗೆದು ಬಳಸಿದ ಹೊದಿಕೆಗಳಲ್ಲಿ ಬರೆದವರ ಗುರುತು ನೀರಿನೊಡನೆ ಹೋಯಿತು. ಆ ಕಸುಬಿನಲ್ಲಿ ಕೆಲಸವು ಸಫಲವಾಯಿತೆಂಬುದಕ್ಕೆ ಅದೇ ಲಕ್ಷಣ.

ಈಗ ನಮ್ಮ ಮನೆಗಳ ಕಡೆಗೆ ನೋಡೋಣ. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರಗಳ ಕಡೆಯ ಸಿದ್ದಿ ಹೆಂಗಸರು ಕೌದಿಯನ್ನು ಅಂಚಿನಿಂದ ಆರಂಭಿಸಿ, ಸುತ್ತುತ್ತ ಸುತ್ತುತ್ತ ನಡುವಿಗೆ ತರುವರು. ಹಿಂದಿನ ಸಾಲೇ ಮುಂದಿನ ಸಾಲಿಗೆ ಗುರುತಾಗುವುದರಿಂದ ಬೇರೆ ಗೆರೆಯ ಅಗತ್ಯವೇ ಇಲ್ಲ. ಆದರೆ ಹೂಬಳ್ಳಿಗಳ ನಮೂನೆಯನ್ನು ಹೊಲಿಯಬಯಸುವ ಗೃಹಿಣಿಯರಿಗೆ ಗುರುತು ಬೇಕೇ ಬೇಕು. ಅಂಗಡಿಗಳಲ್ಲಿ ದೊರೆಯುವ ಸಾಧನಗಳಾದರೋ ಇಂದು ಹಲವು.

ದರ್ಜಿಯ ಸೀಮೆಸುಣ್ಣವು ಬಡಿದರೆ ಉದುರುವುದು. ಅದು ಕೈ ತಾಗಿದರೂ ಅಳಿಯುವುದರಿಂದ ಹೊಲಿಯುವಷ್ಟನ್ನೇ ಆಗಾಗ ಬರೆದುಕೊಳ್ಳಬೇಕು. ಬಿಳಿಯದೇ ಕ್ಷೇಮ, ಕೆಂಪು, ಹಳದಿಗಳು ಕೆಲವೊಮ್ಮೆ ಕಲೆಯಾಗಿ ನಿಲ್ಲುವುವು. ಕಪ್ಪು ಬಟ್ಟೆಗೆ ಸವೆದ ಸಾಬೂನಿನ ಒಣಗಿದ ಚೂರು ಬಹಳ ಒಳ್ಳೆಯದು. ಆದರೆ ಎಣ್ಣೆಯಂಶವು ಹೆಚ್ಚಾಗಿರುವ ಸಾಬೂನು ಬೇಡ. ಬರೆಯುವ ಸಾಧಾರಣ ಪೆನ್ಸಿಲಿನ ಕರಿಯು ದಾರಕ್ಕೂ ಹತ್ತಿ ಸುಲಭವಾಗಿ ಬಿಡದು.

ನೀರಿನಲ್ಲಿ ಅಳಿಯುವ ನೀಲಿ ಶಾಯಿಯ ಲೇಖನಿಯನ್ನು ಬಳಸಿದವರು ಮೊದಲು ತಣ್ಣೀರಿನಲ್ಲಿ ಬಟ್ಟೆಯನ್ನು ಚೆನ್ನಾಗಿ ನೆನೆಸಿ, ಗೆರೆ ಪೂರ್ತಿಯಾಗಿ ಹೋದ ಮೇಲೆಯೇ ಸಾಬೂನನ್ನೂ ಇಸ್ತ್ರಿಯನ್ನೂ ಮುಟ್ಟಬೇಕು. ಅದಕ್ಕೆ ಮುಂಚೆ ಬಿಸಿ ತಾಗಿದರೆ ಗೆರೆಯು ಕಂದುಬಣ್ಣಕ್ಕೆ ತಿರುಗಿ ಶಾಶ್ವತವಾಗಬಹುದು. ಗಾಳಿಗೆ ತಾನಾಗಿಯೇ ಮಾಯವಾಗುವ ನೇರಳೆ ಶಾಯಿಯು ಒಂದೆರಡು ದಿನ ನಿಲ್ಲುವುದು, ತೇವದ ಹವೆಯಲ್ಲಿ ಅಷ್ಟೂ ನಿಲ್ಲದು. ಕರಾವಳಿಯ ಮಳೆಗಾಲದಲ್ಲಿ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಬಿಸಿಗೆ ಮಾಯವಾಗುವ ಶಾಯಿಯು ಸುಮಾರು 60 ಡಿಗ್ರಿ ಸೆಂಟಿಗ್ರೇಡಿನಲ್ಲಿ ಬಣ್ಣವನ್ನು ಬಿಡುವುದು ನಿಜ. ಆದರೆ ಶಾಯಿಯು ಬಟ್ಟೆಯಲ್ಲಿಯೇ ಇರುತ್ತದೆ. ಶೂನ್ಯಕ್ಕಿಂತ ಹತ್ತಿಪ್ಪತ್ತು ಡಿಗ್ರಿ ಕೆಳಗಿನ ಚಳಿಯಲ್ಲಿ ಆ ಗೆರೆ ಮತ್ತೆ ಮೂಡಬಹುದು. ಶೀತದೇಶದಲ್ಲಿರುವ ಮಗಳಿಗೋ ಮೊಮ್ಮಗುವಿಗೋ ಕೌದಿಯನ್ನು ಕಳುಹಿಸುವವರು ಇದನ್ನು ನೆನಪಿನಲ್ಲಿಡಬೇಕು.

ಆದುದರಿಂದ ಯಾವ ಸಾಧನವನ್ನೇ ಕೊಳ್ಳಲಿ, ಮೊದಲು ಅದೇ ಬಟ್ಟೆಯ ತುಣುಕೊಂದನ್ನು ಕತ್ತರಿಸಿ ಪರೀಕ್ಷಿಸಬೇಕು. ಕೌದಿಯಂತೆಯೇ ಮೂರು ಪದರ ಮಾಡಿ, ಗೆರೆ ಎಳೆದು, ಅದರ ಮೇಲೆ ನಾಲ್ಕು ಹೊಲಿಗೆ ಹಾಕಿ, ನಿಮ್ಮ ಕೆಲಸಕ್ಕೆ ಎಷ್ಟು ದಿನ ಹಿಡಿಯುವುದೋ ಸಾಧ್ಯವಾದಷ್ಟೂ ಅಷ್ಟು ದಿನ ಇಟ್ಟು ನೋಡುವುದು. ಬಳಿಕ ತುಣುಕನ್ನು ಕತ್ತರಿಸಿ ಒಂದು ಭಾಗವನ್ನು ತಣ್ಣೀರಿನಲ್ಲಿ ಒಗೆಯುವುದು. ಇನ್ನೊಂದಕ್ಕೆ ಒಗೆಯದೆ ಇಸ್ತ್ರಿ ಹಾಕುವುದು. ಮತ್ತೊಂದನ್ನು ವಾರದ ಕಾಲ ಬಿಸಿಲಿನಲ್ಲಿ ಬಿಡುವುದು. ಬಿಸಿಗೆ ಅಳಿಯುವ ಶಾಯಿಯಾದರೆ ಇಸ್ತ್ರಿ ಮಾಡಿದ ತುಣುಕನ್ನು ಶೀತಕಪಾಟಿನ ಮಂಜುಗಡ್ಡೆಯ ಅರೆಯಲ್ಲಿ ಒಂದು ರಾತ್ರಿ ಇಟ್ಟು ತೆಗೆಯುವುದು. ಒದ್ದೆಯಾದ ಬಟ್ಟೆ ಒಣಗುವಾಗ ಹತ್ತಿಯೊಳಗಿನ ಶಾಯಿಯು ಮೇಲಕ್ಕೆ ಬರುವುದೂ ಉಂಟು. ಆದುದರಿಂದ ಪೂರ್ತಿ ಒಣಗಿದ ಮೇಲೆ ಹಗಲು ಬೆಳಕಿನಲ್ಲಿ ಮತ್ತೊಮ್ಮೆ ನೋಡಬೇಕು.

ಕೊಳ್ಳುವಾಗ ನಾವು ಸಾಮಾನ್ಯವಾಗಿ ಗೆರೆ ಎಷ್ಟು ಚೆನ್ನಾಗಿ ಕಾಣುವುದೆಂದು ನೋಡುತ್ತೇವೆ. ಹೇಗೆ ಹೋಗುವುದೆಂದು ನೋಡುವುದು ಹೆಚ್ಚು ಮುಖ್ಯ. ಆಲನ್‌ಹೆಡ್ಸಿನ ನೀಲಿ ಪೆನ್ಸಿಲು ಕಲಿಸುವ ಪಾಠವಿಷ್ಟೇ. ಕೈಯಗಲದ ತುಣುಕೊಂದು ಹಾಳಾದರೆ ನಷ್ಟವಿಲ್ಲ. ಒಂದು ವರ್ಷದ ಬಿಡುವಿನ ಹೊತ್ತುಗಳನ್ನೆಲ್ಲ ಸುರಿದು ಹೊಲಿದ ಕೌದಿಯು ಹಾಳಾದರೆ ಆ ಹೊತ್ತು ತಿರುಗಿ ಬಾರದು.