ನೆರೆಯ ದೇಶದ ಬಾಗಿಲು

ಕನ್ನಡದಲ್ಲಿ ನೆರೆಯೆಂಬ ಮಾತಿಗೆ ಎರಡು ಅರ್ಥಗಳುಂಟು. ಪಕ್ಕದ ಮನೆಯೂ ನೆರೆ, ಉಕ್ಕಿ ಬರುವ ಹೊಳೆಯೂ ನೆರೆ. ಸತ್ತಿಯ ಸೀಮೆಯ ನಮಗೆ ಎರಡರ ಅನುಭವವೂ ಇದೆ. 2005ರಲ್ಲಿಯೂ 2019ರಲ್ಲಿಯೂ ಕೃಷ್ಣೆಯು ತೀರದ ಹೊಲಗಳನ್ನು ಮುಳುಗಿಸಿದಳು. ಬೇಸಿಗೆ ಬಂದರೆ ಅದೇ ಪಾತ್ರವು ಒಣಗಿ, ಕೊಯ್ನೆಯಿಂದ ನೀರು ಬಿಡಿರೆಂದು ಮಹಾರಾಷ್ಟ್ರವನ್ನು ಬೇಡಬೇಕಾಗುತ್ತದೆ. ಮುಂಬಯಿಯಲ್ಲಿ ಯಾರ ಸರಕಾರವಿದೆಯೆಂದು ನೋಡಿ ಬಾಯಾರಿಕೆಯು ತಡೆಯುವದೇ? ಇದ್ದವರನ್ನೇ ಕೇಳಬೇಕು.

ರಾಷ್ಟ್ರಗಳ ಸಂಗತಿಯೂ ಹೀಗೆಯೇ. ಮ್ಯಾನ್ಮಾರ್ ಎಂದು ಈಗ ಕರೆಯಿಸಿಕೊಳ್ಳುವ ಬ್ರಹ್ಮದೇಶಕ್ಕೂ ನಮಗೂ 1643 ಕಿಲೋಮೀಟರಿನ ಗಡಿಯಿದೆ. 1962ರಲ್ಲಿ ಸೇನಾಪತಿ ನೆ ವಿನ್ ಅಲ್ಲಿಯ ಅಧಿಕಾರವನ್ನು ಕಸಿದುಕೊಂಡಂದಿನಿಂದ ಲಷ್ಕರೀ ಆಳಿಕೆಯು ಬೇರೂರಿತು. 1988ರಲ್ಲಿ ಪ್ರಜೆಗಳು ಎದ್ದುನಿಂತಾಗ ಭಾರತವು ಅವರ ಪಕ್ಷ ವಹಿಸಿತು. ಆದರೆ ಕೆಲವೇ ವರ್ಷಗಳಲ್ಲಿ, ಗಡಿಯ ಚಿಂತೆಯಿಂದಲೂ ಚೀನದ ಪ್ರಾಬಲ್ಯದ ಅಂಜಿಕೆಯಿಂದಲೂ, ಸೇನಾಪತಿಗಳೊಡನೆಯೇ ಮಾತಿಗೆ ಕುಳಿತಿತು.

2011ರ ಮಾರ್ಚಿನಲ್ಲಿ ಸಮವಸ್ತ್ರವನ್ನು ಕಳಚಿದ ಥೇನ್ ಸೇನ್ ಅಲ್ಲಿ ಅಧ್ಯಕ್ಷರಾದರು. ಜೂನ್ ತಿಂಗಳಲ್ಲಿಯೇ ನಮ್ಮ ಪರರಾಷ್ಟ್ರ ಮಂತ್ರಿಗಳು ಅಲ್ಲಿಗೆ ಹೋದರು. ಅವರು ಮದ್ದೂರು ತಾಲೂಕಿನ ಸೋಮನಹಳ್ಳಿಯ ಎಸ್. ಎಂ. ಕೃಷ್ಣ. ಮಂತ್ರಿಗಳು ಅಧಿಕಾರಸ್ಥರನ್ನು ಕಂಡರು. ಜೊತೆಗೆ ಹೋಗಿದ್ದ ಕಾರ್ಯದರ್ಶಿ ನಿರುಪಮಾ ರಾವ್ ಆಂಗ್ ಸಾನ್ ಸೂ ಕಿಯವರನ್ನು ಕಂಡರು. ತಾಯಿಯು ದಿಲ್ಲಿಯಲ್ಲಿ ರಾಯಭಾರಿಯಾಗಿದ್ದಾಗ ಅಲ್ಲಿಯೇ ಓದಿದ ಆ ಮಹಿಳೆಗೆ ಗೃಹಬಂಧನದಿಂದ ಬಿಡುಗಡೆಯಾಗಿ ಆಗಿನ್ನೂ ವರ್ಷ ತುಂಬಿರಲಿಲ್ಲ. 2008ರ ಚಂಡಮಾರುತದಲ್ಲಿ ಲಕ್ಷಕ್ಕೂ ಮಿಕ್ಕಿ ಜನರನ್ನು ಕಳೆದುಕೊಂಡ ಆ ನಾಡಿಗೆ, ಗಾಳಿಮಳೆಗೆ ಜಗ್ಗದ ಹತ್ತು ಅಕ್ಕಿಯ ಕಣಜಗಳನ್ನು ಇದೇ ಭೆಟ್ಟಿಯಲ್ಲಿ ಒಪ್ಪಿಸಲಾಯಿತು.

ಈ ಸುದ್ದಿಯನ್ನು ಓದಿ ಹೇಳಿದಾಗ ನಮ್ಮ ಹಿರಿಯಕ್ಕನು, “ತಮ್ಮಾ, ಬಂದೂಕು ಹಿಡಿದವರ ಕೈ ಕುಲುಕುವದು ಧರ್ಮವೇನು?” ಎಂದು ಕೇಳಿದಳು. ಪ್ರಶ್ನೆಯು ಹಗುರಾದುದಲ್ಲ. ನಾನು ಹೇಳಿದ್ದು ಇಷ್ಟೇ: “ಅಕ್ಕಾ, ಯಜಮಾನನು ಕ್ರೂರಿಯೆಂದು ನೆರೆಯವರೆಲ್ಲ ಆ ಮನೆಯ ಹೊಸ್ತಿಲನ್ನು ತುಳಿಯದೆ ಹೋದರೆ, ಒಳಗೆ ನೋಯುವ ಹೆಣ್ಣುಮಗಳಿಗೆ ದಿಕ್ಕು ಯಾರು?” ಅವಳು ಒಡನೆಯೇ, “ಹೋದವರು ಅವನ ಸಂಗಡ ಚಹಾ ಕುಡಿದು, ಒಳಗಿನವಳನ್ನು ಮಾತಾಡಿಸದೆ ಬಂದರೆ?” ಎಂದಳು. ಅವಳ ಮಾತೇ ಮೇಲಾಯಿತು.

ಮುಂದೆ ಆದದ್ದನ್ನು ವಾಚಕರು ಬಲ್ಲರು. 2012ರ ಉಪಚುನಾವಣೆಯಲ್ಲಿ ಗೆದ್ದ ಸೂ ಕಿಯವರು ಅದೇ ನವೆಂಬರಿನಲ್ಲಿ ನಮ್ಮ ದೇಶಕ್ಕೆ ಬಂದರು, ಬೆಂಗಳೂರನ್ನು ನೋಡಿದರು, ಅನಂತಪುರ ಜಿಲ್ಲೆಯ ಹಳ್ಳಿಯೊಂದರಲ್ಲಿ ಸ್ವಸಹಾಯ ಸಂಘದ ಹೆಂಗಸರೊಡನೆ ಕುಳಿತು ಮಾತಾಡಿದರು. 2015ರಲ್ಲಿ ಅವರ ಪಕ್ಷಕ್ಕೆ ಜಯವಾಯಿತು. ಆದರೆ 2017ರಲ್ಲಿ ಸೈನ್ಯದ ಹಾವಳಿಗೆ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯರು ಬಾಂಗ್ಲಾದೇಶಕ್ಕೆ ಓಡಿದಾಗ ಅವರು ಸೈನ್ಯವನ್ನು ತಡೆಯಲೂ ಇಲ್ಲ, ಖಂಡಿಸಲೂ ಇಲ್ಲ. 2021ರ ಫೆಬ್ರುವರಿ 1ರಂದು ಅದೇ ಸೈನ್ಯವು ಅವರನ್ನೇ ಸೆರೆಯಲ್ಲಿಟ್ಟಿತು.

ಆ ವರ್ಷದ ಜೂನಿನಲ್ಲಿಯೇ, ಐದು ವರುಷ ಪ್ರತಿವರ್ಷವೂ ಅಲ್ಲಿಂದ 2.5 ಲಕ್ಷ ಟನ್ ಉದ್ದನ್ನೂ 1 ಲಕ್ಷ ಟನ್ ತೊಗರಿಯನ್ನೂ ತರಿಸುವ ಒಪ್ಪಂದವಾಯಿತು. ಹಪ್ಪಳದ ಹಿಟ್ಟಿನಲ್ಲಿ ಬ್ರಹ್ಮದೇಶದ ರೈತನ ಬೆವರೂ ಕೂಡಿರಬಹುದು. ಹೀಗಿರಲು ಆ ಮನೆಯ ಗೊಡವೆ ನಮಗೇಕೆಂದು ಯಾವ ಗೃಹಿಣಿಯೂ ಅನ್ನುವಂತಿಲ್ಲ.

ಹಾಗಾದರೆ 2011ರ ಮಾತುಕತೆಯು ವ್ಯರ್ಥವಾಯಿತೇ? ನನಗೆ ಹಾಗೆ ತೋರುವದಿಲ್ಲ. ಹತ್ತು ವರುಷವಾದರೂ ಆ ಜನರು ಬಿಡುಗಡೆಯ ಗಾಳಿಯನ್ನು ಉಸಿರಾಡಿದರು; ಅದರ ರುಚಿಯನ್ನು ಕಂಡವರು ಮರೆಯಲಾರರು. ಆಳುವವರೊಡನೆ ಮಾತಾಡುವದು ತಪ್ಪಲ್ಲ. ಅವರೊಡನೆ ಮಾತ್ರವೇ ಮಾತಾಡುವದು ತಪ್ಪು. ನಮ್ಮ ರಾಯಭಾರಿಗಳು ಹೋದಲ್ಲೆಲ್ಲ ಯಾರನ್ನು ಕಂಡರೆಂಬುದರೊಂದಿಗೆ, ಒಳಮನೆಯವರನ್ನು ಮಾತಾಡಿಸಿದರೇ, ಹಸಿದವರಿಗಾಗಿ ಏನನ್ನು ಬಿಟ್ಟುಬಂದರು ಎಂಬುದನ್ನೂ ನಾವು ಕೇಳುತ್ತಿರಬೇಕು. ನಮ್ಮಕ್ಕನು ಕೇಳಿದ್ದೂ ಅದನ್ನೇ.